ಬಟ್ಟೆಯ ಹೂಗಳನ್ನು ಬಕೆಟ್‌ನಲ್ಲಿ ನೆನೆಸಬೇಡಿ

ಬಾಗಲಕೋಟೆಯಲ್ಲಿ ಹೋಳಿ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಹಲಗೆಯ ಸದ್ದು ನಿಂತು, ಬಣ್ಣದ ಬ್ಯಾರೆಲ್ ಹೊತ್ತ ಬಂಡಿಗಳು ಮರಳಿ ಹೋದ ಮೇಲೂ ಕಿಟಕಿಯ ಸಂದಿಗಳಲ್ಲಿ ಗುಲಾಲು ಸಿಗುತ್ತಲೇ ಇರುತ್ತದೆ. ಅದಕ್ಕೆ ನವನಗರದ ಬೇಸಿಗೆಯ ಧೂಳು ಬೇರೆ. ಟಿವಿ ಪಕ್ಕದ ಹೂದಾನಿಯಲ್ಲಿದ್ದ ಬಟ್ಟೆಯ ಗುಲಾಬಿಗಳು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬೂದಿ ಬಳಿದುಕೊಂಡಂತೆ ಕಾಣುತ್ತಿದ್ದವು. ತಂಗಿಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಬೆಳಗಾವಿಯ ಪೇಟೆಯಿಂದ ತಂದಿದ್ದ, ಕಡುಗೆಂಪಿನ 24 ಹೂಗಳು. ಬಟ್ಟೆಯವೇ ತಾನೇ, ಒಗೆದರಾಯಿತು ಎಂದುಕೊಂಡೆ. ತಪ್ಪಾದದ್ದು ಅಲ್ಲೇ.

ಅರ್ಧ ಬಕೆಟ್ ಬಿಸಿನೀರಿಗೆ ಎರಡು ಚಮಚ ಸೋಪಿನ ಪುಡಿ ಹಾಕಿ ಹೂಗಳನ್ನು ಮುಳುಗಿಸಿ, ರೊಟ್ಟಿ ಬಡಿಯಲು ಒಳಗೆ ಹೋದೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಬಕೆಟ್ ತುಂಬ ಓಕುಳಿ. ಹೋಳಿಯ ಗುಲಾಲು ಬಿಟ್ಟುಕೊಂಡಿರಬೇಕೆಂದು ಸಮಾಧಾನ ಮಾಡಿಕೊಂಡು ನೀರು ಚೆಲ್ಲಿದೆ. ಎರಡನೆಯ ನೀರೂ ಕೆಂಪಾಯಿತು, ಮೂರನೆಯದೂ. ಆಗ ಒಂದು ಹೂವನ್ನು ಬೆಳಕಿಗೆ ಹಿಡಿದೆ. ಎಸಳುಗಳ ಅಂಚು ಮಾಸಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮಡಿಕೆಯ ಒಳಗೆ ಮಾತ್ರ ಹಳೆಯ ಕೆಂಪು ಉಳಿದಿತ್ತು. ಬಣ್ಣ ಬಿಟ್ಟದ್ದು ಗುಲಾಲಲ್ಲ, ಹೂವೇ.

ಅಷ್ಟಕ್ಕೇ ಮುಗಿಯಲಿಲ್ಲ. ಎಸಳು ಸೆಟೆದು ನಿಲ್ಲಲೆಂದು ಬಟ್ಟೆಗೆ ಗಂಜಿಯಂಥದ್ದೇನನ್ನೋ ಹಾಕಿರುತ್ತಾರೆ. ಅದು ನೀರಿಗೆ ಹೋಯಿತು. ಹೂಗಳು ನೆನೆದ ಹಪ್ಪಳದ ಹಾಗೆ ಜೋತುಬಿದ್ದವು. ನಡುವೆ ಹಚ್ಚಿದ ಅಂಟು ಬಿಸಿಗೆ ಸಡಿಲವಾಗಿ, ಹಿಡಿದೆತ್ತಿದರೆ ಎಸಳುಗಳು ಬಕೆಟ್‌ನಲ್ಲಿ, ದಂಟು ನನ್ನ ಕೈಯಲ್ಲಿ.

ಉಳಿದವನ್ನಾದರೂ ಒಣಗಿಸೋಣವೆಂದು ಅಂಗಳದ ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿದೆ. ಕೆಳಗಿನ ಸಾಲಿನ ಹಗ್ಗದಲ್ಲಿ ಮಾವನವರ ಬಿಳಿ ಧೋತರವಿತ್ತು, ನಾನು ಗಮನಿಸಲಿಲ್ಲ. ಸಂಜೆ ಅವರು ಅದನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, “ಏನವ್ವ, ನಮ್ಮ ಮನೆಯಲ್ಲಿ ಹೋಳಿ ಇನ್ನೂ ಮುಗಿದಿಲ್ಲವೇ?” ಎಂದು ಕೇಳಿದರು. ಏಳೆಂಟು ಕಲೆಗಳು, ಒಂದೊಂದೂ ನಾಣ್ಯದಷ್ಟು ಅಗಲ. ನಿಂಬೆಹಣ್ಣು, ಸೋಪು, ಬಿಸಿಲು ಎಲ್ಲವೂ ಆಯಿತು. ಇವತ್ತಿಗೂ ಹೋಗಿಲ್ಲ.

ಬೇಗ ಆರಲೆಂದು ಕೂದಲು ಒಣಗಿಸುವ ಯಂತ್ರವನ್ನು ಬಿಸಿಗಾಳಿಗೆ ತಿರುಗಿಸಿ ಹಿಡಿದದ್ದು ಇನ್ನೊಂದು ಬುದ್ಧಿವಂತಿಕೆ. ಪಾಲಿಯೆಸ್ಟರ್ ಎಸಳಿನ ತುದಿ ಸುರುಟಿಕೊಂಡಿತು, ಅಂಟು ಜೇನಿನಂತೆ ಎಳೆ ಬಿಟ್ಟಿತು. ದಂಟಿನ ಒಳಗಿರುವುದು ಕಬ್ಬಿಣದ ತಂತಿ. ಕತ್ತರಿಸಿದ ತುದಿಯಿಂದ ನೀರು ಒಳಗೆ ಇಳಿದು, ವಾರದಲ್ಲಿ ಹೂದಾನಿಯ ತಳದಲ್ಲಿ ತುಕ್ಕಿನ ಉಂಗುರ ಮೂಡಿತು. ಎಲೆಗಳ ಮೇಲೆ ಕೊಳವೆಬಾವಿ ನೀರಿನ ಬಿಳಿ ಚುಕ್ಕೆಗಳು.

ಎದುರು ಮನೆಯ ಕಾಕು ಹೇಳಿದರೆಂದು ದೇವರ ಜಗಲಿಯ ಮಾಲೆಗೆ ಉಪ್ಪಿನ ಉಪಾಯ ಮಾಡಿದೆ. ಕಾಗದದ ಚೀಲದಲ್ಲಿ ಒಂದು ಹಿಡಿ ಹರಳುಪ್ಪು, ಅದರೊಳಗೆ ಮಾಲೆ, ಬಾಯಿ ಮುಚ್ಚಿ ಎರಡು ನಿಮಿಷ ಅಲುಗಾಡಿಸುವುದು. ಸುಳ್ಳು ಹೇಳಬಾರದು, ಧೂಳು ಉಪ್ಪಿಗೆ ಹತ್ತಿ ಉಪ್ಪು ಕಪ್ಪಾಯಿತು. ಆದರೆ ಮಡಿಕೆಗಳಲ್ಲಿ ಉಳಿದ ಹರಳುಗಳನ್ನು ನಾನು ಕೊಡವಲಿಲ್ಲ. ಮಳೆಗಾಲದಲ್ಲಿ ಉಪ್ಪು ಬೆವರಿ ಅಲ್ಲಿಯೂ ತಂತಿ ತುಕ್ಕು ಹಿಡಿಯಿತು. ಆ ದಾರಿ ಹಿಡಿಯುವವರು ಕೊನೆಗೆ ಒಂದೊಂದೇ ಹೂವನ್ನು ತಲೆಕೆಳಗೆ ಮಾಡಿ ಚೆನ್ನಾಗಿ ಕೊಡವಿ.

ಈಗ ನಾನು ಮೊದಲು ಮಾಡುವುದು ಪರೀಕ್ಷೆ. ಬಿಳಿ ಹತ್ತಿಯನ್ನು ಒದ್ದೆ ಮಾಡಿ, ಕಣ್ಣಿಗೆ ಬೀಳದ ಒಂದು ಎಸಳಿನ ಹಿಂಬದಿಗೆ ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ. ಹತ್ತಿಗೆ ಬಣ್ಣ ಬಂತೆಂದರೆ ಆ ಹೂವಿಗೆ ನೀರು ಮುಟ್ಟಿಸುವ ಮಾತೇ ಇಲ್ಲ. ಬಣ್ಣ ಬಾರದಿದ್ದರೂ ನೆನೆಸುವುದಿಲ್ಲ. ಹಿಂಡಿದ ಬಟ್ಟೆಯಿಂದ ಎಸಳೆಸಳಾಗಿ ಒರೆಸಿ ನೆರಳಲ್ಲಿ ತೂಗುಹಾಕುತ್ತೇನೆ. ಬಹುಪಾಲು ಹೂಗಳಿಗೆ ಅದೂ ಬೇಡ. ಗೋಡೆಗೆ ಬಣ್ಣ ಬಳಿಯುವ ಸಣ್ಣ ಮೆತ್ತನೆಯ ಬ್ರಷ್ಷು, ಹೊಸದು, ಸಾಕು. ಹೂವಿನ ಬುಡವನ್ನು ಹಿಡಿದು ಬ್ರಷ್ಷನ್ನು ನಡುವಿನಿಂದ ಹೊರಕ್ಕೆ ಎಳೆಯಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಯಂತ್ರ ಬೇಕೇ ಬೇಕೆಂದರೆ ತಣ್ಣನೆಯ ಗಾಳಿ ಮಾತ್ರ, ಒಂದು ಮೊಳ ದೂರದಿಂದ. ಅಡುಗೆಮನೆಯ ಹೂವಾಗಿದ್ದು ಒಗ್ಗರಣೆಯ ಜಿಡ್ಡಿಗೆ ಧೂಳು ಅಂಟಿದ್ದರೆ ಬ್ರಷ್ಷಿಗೂ ಬಗ್ಗುವುದಿಲ್ಲ. ಅಂಥವನ್ನು ನಾನು ಎಸೆದೇ ಬಿಟ್ಟೆ.

24ರಲ್ಲಿ ಒಂಬತ್ತು ಉಳಿದಿವೆ. ಮೊನ್ನೆ ಅವನ್ನು ಹಿಡಿದು ಅಂಗಳಕ್ಕೆ ಬಂದೆ, ಕೈಯಲ್ಲಿ ಒಣ ಬ್ರಷ್ಷಷ್ಟೇ ಇತ್ತು. ಮಾವನವರು ಕುರ್ಚಿಯಿಂದ ಎದ್ದು, ಒಂದೂ ಮಾತಾಡದೆ, ಹಗ್ಗದ ಮೇಲಿದ್ದ ಧೋತರವನ್ನು ತೆಗೆದುಕೊಂಡು ಒಳಗೆ ಹೋದರು.