ಕೆಳದಿ ವಸ್ತು ಸಂಗ್ರಹಾಲಯ: ಸಂಶೋಧನಾ ವಿದ್ಯಾರ್ಥಿಯ ಅನುಭವ

ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು, 1763ರಲ್ಲಿ ಹೈದರಾಲಿ ರಾಜಧಾನಿ ಬಿದನೂರನ್ನು ಗೆದ್ದುಕೊಳ್ಳುವವರೆಗೆ ಮಲೆನಾಡನ್ನು ಆಳಿದ ಕೆಳದಿ ಅರಸರ ಆಕರಗಳನ್ನು ಹುಡುಕುತ್ತಾ ಸಾಗರ ತಾಲ್ಲೂಕಿನ ಕೆಳದಿಗೆ ಹೋಗಿದ್ದೆ. ಕೆಳದಿ ಗುಂಡಾ ಜೋಯಿಸರ ಶ್ರಮದಿಂದ ಬೆಳೆದ ಈ ಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ನಾಣ್ಯ, ಆಯುಧಗಳೂ ಇಲ್ಲಿವೆ. ಆದರೆ ಸಂಶೋಧಕರಿಗೆ ನಿಜವಾದ ಸಂಪತ್ತೆಂದರೆ ತಿಗಳಾರಿ ಮತ್ತು ಕನ್ನಡ ಲಿಪಿಯ ತಾಳೆಗರಿಗಳು.

ಕಬ್ಬಿಣದ ಕಂಟದಿಂದ (ಬರೆಯುವ ಮೊನಚು ಕಡ್ಡಿಯಿಂದ) ಕೊರೆದು, ಮಸಿ ತೀಡಿದ ಆ ಅಕ್ಷರಗಳನ್ನು ಹತ್ತಿರದಿಂದ ನೋಡಿದಾಗ, ಗರಿಯ ನಾರು ಸೀಳದಂತೆ ಗೆರೆಗಳನ್ನು ದುಂಡಗೆ ತಿರುಗಿಸಿದ ಲಿಪಿಕಾರನ ಕೈಚಳಕ, ಅಂಚಿನಲ್ಲಿ ಹುಳು ತಿಂದು ಕಳೆದುಹೋದ ಪದ, ದಾರ ಪೋಣಿಸಲು ಬಿಟ್ಟ ರಂಧ್ರ ಇವೆಲ್ಲವೂ ಮುದ್ರಿತ ಆವೃತ್ತಿ ಎಂದೂ ಹೇಳದ ಸಂಗತಿಗಳನ್ನು ಹೇಳುತ್ತವೆ. ಬೇರೊಂದು ಊರಿನ ಕಚೇರಿಯಲ್ಲಿ ಒಂದೇ ಒಂದು ಕಡತಕ್ಕಾಗಿ ಮೂರು ದಿನ ಕಾದು ಬರಿಗೈಯಲ್ಲಿ ಮರಳಿದ್ದ ನನಗೆ ಇಲ್ಲಿನ ಸಹಕಾರ ಬಹಳ ಸಮಾಧಾನ ತಂದಿತು.

ತಿಗಳಾರಿಯನ್ನು ಸ್ವಲ್ಪವಾದರೂ ಕಲಿತು ಹೋಗಿ. ಅಕ್ಷರಗಳು ಮಲಯಾಳಂ ಲಿಪಿಯನ್ನು ಹೋಲುವುದರಿಂದ ಕನ್ನಡ ಓದು ಮಾತ್ರ ಸಾಲದು. ಮಳೆಗಾಲದಲ್ಲಿ ಹೋಗುವುದಕ್ಕಿಂತ ಬೇಸಗೆಯಲ್ಲಿ ಹೋಗುವುದು ಒಳ್ಳೆಯದು. ತೇವದ ಗಾಳಿಯಲ್ಲಿ ಗರಿಗಳನ್ನು ಬಿಚ್ಚದಿರುವುದೇ ಅವುಗಳಿಗೆ ಕ್ಷೇಮ.