ಮೈಸೂರು, ಮಂಡ್ಯ ಕಡೆಯ ಡ್ರೋನ್ ಹುಡುಗರೇ, ಆ ‘5 ವ್ಯಾಟ್ ಬೂಸ್ಟರ್’ ತಗೋಬೇಡಿ

ನೇರವಾಗಿ ಹೇಳ್ತೀನಿ. ಮೈಸೂರಲ್ಲಿ ‘5 ವ್ಯಾಟ್ ಡ್ಯುಯಲ್ ಬ್ಯಾಂಡ್ ಡ್ರೋನ್ ಸಿಗ್ನಲ್ ಬೂಸ್ಟರ್’ ಅಂತ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಡಬ್ಬಿಯೊಂದನ್ನ 9,500 ರೂಪಾಯಿಗೆ ಮಾರ್ತಿದ್ದಾರೆ. ರಿಮೋಟಿಗೆ ಹಾಕಿದ್ರೆ ಸಿಗ್ನಲ್ ಜೋರಾಗಿ ಡ್ರೋನ್ ಇನ್ನೂ ದೂರ ಹೋಗುತ್ತಂತೆ. ಇನ್‌ಸ್ಟಾಗ್ರಾಮಲ್ಲಿ ರೀಲ್, ವಾಟ್ಸಾಪಲ್ಲಿ ವ್ಯಾಪಾರ, ಯುಪಿಐನಲ್ಲಿ ದುಡ್ಡು. ರಿಮೋಟ್ ಬಿಚ್ಚಿ ಫಿಟ್ಟಿಂಗ್ ಮಾಡಿಕೊಡೋಕೆ ಮೇಲೆ 1,200. ದಯವಿಟ್ಟು ತಗೋಬೇಡಿ. ನಮ್ಮ ಸ್ಟುಡಿಯೋಗೆ ಬಂದ ಡಬ್ಬಿಯನ್ನ ಬಿಚ್ಚಿ, ಮೀಟರ್ ಹಾಕಿ ಅಳೆದು, ಒಳಗೆ ಏನಿದೆ ಅಂತ ಕಣ್ಣಾರೆ ನೋಡಿ ಆದಮೇಲೆ ಇದನ್ನ ಬರೀತಿದೀನಿ. ಮದುವೆ ಸೀಸನ್ ಶುರುವಾಗ್ತಿದೆ, ಇನ್ನೆಷ್ಟು ಜನ ವಿಡಿಯೋ ಹುಡುಗರು ದುಡ್ಡು ಕಳ್ಕೋತಾರೋ.

ಮೊದಲು ಆ ರೀಲ್ ವಿಷಯ. ಚಾಮುಂಡಿ ಬೆಟ್ಟದ ಮೇಲೆ ನಿಂತು ಊರಿನ ಕಡೆ 7 ಕಿಲೋಮೀಟರ್ ಹಾರಿಸಿ, ಸಿಗ್ನಲ್ ಕಡ್ಡಿ ಫುಲ್ ತೋರಿಸ್ತಾರೆ. ನೋಡಿದವರು ಬೆರಗಾಗಲೇಬೇಕು. ಆದರೆ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಅಲ್ಲಿ ನಿಂತವನಿಗೂ ಡ್ರೋನಿಗೂ ನಡುವೆ ಒಂದು ಎಲೆಯೂ ಅಡ್ಡ ಬರಲ್ಲ. ಡಿಜೆಐ ಮಿನಿ 2 ಡ್ರೋನಿಗೆ ಕಂಪನಿಯೇ ಕೊಟ್ಟಿರೋ ಲೆಕ್ಕ, ಅಡ್ಡ ಇಲ್ಲದ, ಬೇರೆ ಸಿಗ್ನಲ್ ಕಾಟ ಇಲ್ಲದ ಜಾಗದಲ್ಲಿ ಎಫ್‌ಸಿಸಿ ಮೋಡಲ್ಲಿ (ಅಮೆರಿಕದ ಪವರ್ ಮಿತಿ) 10 ಕಿ.ಮೀ., ಸಿಇ ಮೋಡಲ್ಲಿ (ಯುರೋಪಿನ ಮಿತಿ) 6 ಕಿ.ಮೀ. ಅಷ್ಟು ಎತ್ತರದಿಂದ ಎಫ್‌ಸಿಸಿ ಮೋಡಲ್ಲಿ ಏಳು ಹೋಗೋದು ಬರೀ ರಿಮೋಟಿನ ಕೈಲೇ ಆಗೋ ಕೆಲಸ. ಬೂಸ್ಟರ್ ಅಲ್ಲಿ ಮಾಡಿದ್ದು ಏನೂ ಇಲ್ಲ, ಪಕ್ಕದಲ್ಲಿ ಹಸಿರು ಲೈಟ್ ಹೊತ್ತಿಸಿಕೊಂಡು ಕೂತಿತ್ತು ಅಷ್ಟೇ. ಜೊತೆಗೆ ಮಂಡಕಳ್ಳಿ ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಅಲ್ಲಿ ಅನುಮತಿ ಇಲ್ಲದೆ ಹಾರಿಸಿದ್ದೇ ತಪ್ಪು. ಅದನ್ನೇ ಜಾಹೀರಾತು ಮಾಡ್ಕೊಂಡಿದ್ದಾರೆ.

ಆ ಹಸಿರು ಲೈಟಿನ ಕಥೆ ಕೇಳಿ. ಅಂಗಡಿಯಲ್ಲಿ ಡೆಮೋ ಕೊಡುವಾಗ ಕೆಂಪು ಇದ್ದದ್ದು ಹಸಿರಾದರೆ ‘ಲಾಕ್ ಆಯ್ತು ಸಾರ್, ಬೂಸ್ಟ್ ಶುರು’ ಅಂತಾರೆ. ಮನೆಗೆ ತಂದಮೇಲೆ ರಿಮೋಟ್ ಆಫ್ ಮಾಡಿದ್ರೂ ಹಸಿರೇ. ಕೇಬಲ್ ಕಿತ್ತು ಮೇಜಿನ ಮೇಲೆ ಇಟ್ಟರೂ ಹಸಿರೇ. ಪವರ್ ಬ್ಯಾಂಕಿಗೆ ಚುಚ್ಚಿದ ಕೆಲವು ಸೆಕೆಂಡಿಗೆ ಬಣ್ಣ ಬದಲಾಯಿಸೋ ಎಲ್‌ಇಡಿ ಅದು! ಸಿಗ್ನಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೋಸ ಅಂತ ಖಚಿತ ಆದದ್ದು ಆ ಕ್ಷಣ. ಕಿತ್ತ ಕೇಬಲ್ ಕೈಯಲ್ಲಿದೆ, ಎದುರಿಗೆ ಹಸಿರು ಲೈಟ್ ಉರೀತಾನೇ ಇದೆ. ಮೈ ಉರಿದುಹೋಯ್ತು.

ಆಮೇಲೆ 300 ರೂಪಾಯಿಯ ಯುಎಸ್‌ಬಿ ಮೀಟರ್ ಹಾಕಿ ನೋಡಿದ್ರೆ 5 ವೋಲ್ಟ್, 0.18 ಆಂಪ್. ಗುಣಿಸಿದ್ರೆ 0.9 ವ್ಯಾಟ್. ಒಳಗೆ ಹೋಗೋದೇ ಒಂದು ವ್ಯಾಟ್ ಇಲ್ಲ, ಹೊರಗೆ ಐದು ವ್ಯಾಟ್ ಎಲ್ಲಿಂದ ಬರಬೇಕು? ಬೂಸ್ಟರ್ ಒಳಗೆ ಸಿಗ್ನಲ್ ಜೋರು ಮಾಡೋ ಈ ಥರದ ಆಂಪ್ಲಿಫೈಯರ್‌ಗಳು ಒಳಗೆ ಬಂದ ಕರೆಂಟಿನಲ್ಲಿ ನಾಲ್ಕನೇ ಒಂದು ಭಾಗವನ್ನ ಸಿಗ್ನಲ್ ಮಾಡಿದ್ರೆ ದೊಡ್ಡದು, ಉಳಿದದ್ದೆಲ್ಲ ಶಾಖ. ನಿಜವಾಗಿ 2 ವ್ಯಾಟ್ ಹೊರಗೆ ಬರಬೇಕಾದರೆ 8ರಿಂದ 10 ವ್ಯಾಟ್ ಒಳಗೆ ಹೋಗಬೇಕು. ಅಂದ್ರೆ 12 ವೋಲ್ಟಿನ ಬ್ಯಾಟರಿ, ಮುಕ್ಕಾಲು ಆಂಪ್, ಕೈಯಿಟ್ಟರೆ ಸುಡೋ ಹೀಟ್‌ಸಿಂಕ್. ನಮ್ಮ ಡಬ್ಬಿ ಮಂಡ್ಯದ ಬಿಸಿಲಲ್ಲಿ ಅರ್ಧ ಗಂಟೆ ಓಡಿದಮೇಲೂ ತಣ್ಣಗಿತ್ತು. ‘ನೋಡಿ ಸಾರ್, ಎಷ್ಟು ಕೂಲಾಗಿದೆ, ಒಳ್ಳೆ ಚಿಪ್ಪು’ ಅಂತ ಅದನ್ನೂ ಹೆಗ್ಗಳಿಕೆ ಮಾಡಿ ಹೇಳಿದ್ರು!

ನಾಲ್ಕು ಸ್ಕ್ರೂ ಬಿಚ್ಚಿದ್ವಿ. ಹೊರಗೆ ಎರಡು ಇನ್, ಎರಡು ಔಟ್ ಪೋರ್ಟ್ ಇವೆ, ಮಿನಿ 2ರ ರಿಮೋಟಿಗೆ ಎರಡು ಆಂಟೆನಾ ಇರೋದ್ರಿಂದ. ಒಳಗೆ ಮೊದಲ ಜೋಡಿಯ ನಡುವೆ ಒಂದು ಸಣ್ಣ ಚಿಪ್, ಮೇಲಿನ ನಂಬರನ್ನ ಉಜ್ಜಿ ಅಳಿಸಿದ್ದಾರೆ. ಎರಡನೇ ಜೋಡಿಯ ನಡುವೆ ಒಂದು ತಂತಿ. ಬರೀ ತಂತಿ. ಇನ್‌ನಿಂದ ಔಟ್‌ಗೆ ಬೆಸುಗೆ ಹಾಕಿದ ತಾಮ್ರದ ತುಂಡು. ಎರಡು ಚಾನೆಲ್ ಅಂತ ದುಡ್ಡು ತಗೊಂಡು ಎರಡನೇದಕ್ಕೆ ತಂತಿ ಹಾಕಿ ಕೊಟ್ಟಿದ್ದಾರೆ. ಇನ್ನೊಂದು ಸಲ ಹೇಳ್ತೀನಿ, ಬರೀ ತಂತಿ.

ಪರಿಚಯದವರ ಲ್ಯಾಬಲ್ಲಿ ಸಿಗ್ನಲ್ ಜನರೇಟರ್, 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸೋ ತುಂಡು), ಪವರ್ ಮೀಟರ್ ಜೋಡಿಸಿ ಅಳೆದ್ವಿ. ಮೊದಲ ಪೋರ್ಟಿಗೆ 2.44 ಗಿಗಾಹರ್ಟ್ಸಲ್ಲಿ 10 ಡಿಬಿಎಂ (ಸಿಗ್ನಲ್ ಪವರಿನ ಅಳತೆ, 10 ಅಂದ್ರೆ 10 ಮಿಲಿವ್ಯಾಟ್) ಕೊಟ್ರೆ 21 ಬಂತು. 20 ಕೊಟ್ರೂ 21. ಅಂದ್ರೆ ಸುಮಾರು 125 ಮಿಲಿವ್ಯಾಟಿಗೆ ಅದರ ಉಸಿರು ನಿಂತುಹೋಗುತ್ತೆ. ರಿಮೋಟ್ ತಾನಾಗಿಯೇ 2.4ರಲ್ಲಿ ಸಿಇ ಮೋಡಲ್ಲಿ 20 ಡಿಬಿಎಂ ತನಕ, ಎಫ್‌ಸಿಸಿಯಲ್ಲಿ 26 ತನಕ ಬಿಡುತ್ತೆ. 26 ಅಂದ್ರೆ 400 ಮಿಲಿವ್ಯಾಟ್. ಅದನ್ನ ತಗೊಂಡು ಈ ಡಬ್ಬಿ 125 ಮಾಡಿ ಕೊಡುತ್ತೆ. ಇದಕ್ಕೆ ಬೂಸ್ಟರ್ ಅಂತ ಹೆಸರು.

ಬರೀ ಕಮ್ಮಿ ಆಗೋದಲ್ಲ, ಸಿಗ್ನಲ್ ಕೆಟ್ಟೂ ಹೋಗುತ್ತೆ. ಈ ಡ್ರೋನ್, ರಿಮೋಟ್‌ಗಳು ಬಳಸೋದು ಓಎಫ್‌ಡಿಎಂ, ಅಂದ್ರೆ ಡೇಟಾವನ್ನ ಹಲವು ಸಣ್ಣ ಅಲೆಗಳಲ್ಲಿ ಹಂಚಿ ಕಳಿಸೋ ವಿಧಾನ. ಅದರಲ್ಲಿ ಸರಾಸರಿಗಿಂತ 8–10 ಡಿಬಿ ಮೇಲಕ್ಕೆ ಏಳೋ ಶಿಖರಗಳು ಬರ್ತಾನೇ ಇರ್ತವೆ. ಆಂಪ್ಲಿಫೈಯರ್ ಆ ಶಿಖರಗಳಿಗೂ ಜಾಗ ಬಿಟ್ಟು ಕೆಲಸ ಮಾಡಬೇಕು. ಮಿತಿ ಮುಟ್ಟಿದ ಆಂಪ್ಲಿಫೈಯರ್ ತುದಿಗಳನ್ನ ಕತ್ತರಿಸಿ ಹಾಕುತ್ತೆ, ಡ್ರೋನಿಗೆ ಡೇಟಾ ತಪ್ಪುತ್ತೆ, ಪಕ್ಕದ ಚಾನೆಲಿಗೆಲ್ಲ ಕಸ ಚೆಲ್ಲುತ್ತೆ. ಹಾಗಾಗಿ ಅಸಲಿ ‘2 ವ್ಯಾಟ್’ ಅಂತ ಬರೆದಿರೋದೂ ಈ ಕೆಲಸಕ್ಕೆ ಕಾಲು ಭಾಗವೋ ಅದಕ್ಕಿಂತ ಕಮ್ಮಿಯೋ ಮಾತ್ರ ಕೊಡುತ್ತೆ. ರಿಮೋಟಿನ ಔಟ್‌ಪುಟ್ ನೇರ ಒಳಗೆ ಬಿಟ್ಟರೆ ಸಾಕು ಮಿತಿ ಮೀರೋಕೆ. ನಡುವೆ 10 ಡಿಬಿ ಅಟೆನ್ಯುಯೇಟರ್ ಹಾಕೋದು ಬಲ್ಲವರ ಕ್ರಮ. ಆ ಮಾತು ಎತ್ತಿದ್ರೆ ‘ಅದೆಲ್ಲ ಬೇಡ, ಪ್ಲಗ್ ಅಂಡ್ ಪ್ಲೇ’ ಅಂದ್ರು.

5.8ರ ಕಥೆ ಇನ್ನೂ ಘೋರ. ಡ್ಯುಯಲ್ ಬ್ಯಾಂಡ್, ಅಂದ್ರೆ 2.4, 5.8 ಗಿಗಾಹರ್ಟ್ಸ್ ಎರಡಕ್ಕೂ, ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿದೆ. 5.8 ಗಿಗಾಹರ್ಟ್ಸಲ್ಲಿ 20 ಡಿಬಿಎಂ ಕೊಟ್ರೆ ಆಚೆ ಬಂದಿದ್ದು 3. ಹದಿನೇಳು ಡಿಬಿ ನುಂಗಿಹಾಕ್ತು. 6 ಡಿಬಿ ಕಮ್ಮಿಯಾದರೆ ದೂರ ಅರ್ಧ ಆಗುತ್ತೆ, 17 ಅಂದ್ರೆ ಏಳನೇ ಒಂದು ಭಾಗ. ಡ್ರೋನ್ ಆಟೋ ಚಾನೆಲಲ್ಲಿದ್ದರೆ 2.4ರಲ್ಲಿ ಗಲಾಟೆ ಜಾಸ್ತಿ ಅನಿಸಿದ ಕೂಡಲೇ ತಾನೇ 5.8ಕ್ಕೆ ಜಿಗಿಯುತ್ತೆ. ಆಗ ಸಿಗ್ನಲ್ ಕಡ್ಡಿ ಫುಲ್ ಇದ್ದದ್ದು ಒಂದೇ ಏಟಿಗೆ ಸೊನ್ನೆ.

ಮಂಡ್ಯ ಹತ್ತಿರ ವಿ.ಸಿ. ನಾಲೆ ಏರಿ ಮೇಲಿಂದ ಕಬ್ಬಿನ ಗದ್ದೆ ಶೂಟ್ ಮಾಡುವಾಗ ಆದದ್ದು ಇದೇ. ಬೂಸ್ಟರ್ ಇಲ್ಲದೆ ಅದೇ ಜಾಗದಿಂದ ಒಂದೂವರೆ ಕಿಲೋಮೀಟರ್ ಸಲೀಸಾಗಿ ಹೋಗ್ತಿತ್ತು. ಬೂಸ್ಟರ್ ಹಾಕಿದಾಗ 900 ಮೀಟರಿಗೆ ವಿಡಿಯೋ ಚೌಕ ಚೌಕ ಒಡೆದು, ನಿಂತು, ಸ್ಕ್ರೀನ್ ಬೂದು ಬಣ್ಣಕ್ಕೆ ತಿರುಗಿತು. ಗದ್ದೆ ಯಜಮಾನರು, ಊರಿನವರು ಎಲ್ಲ ಸುತ್ತ ನಿಂತಿದ್ದಾರೆ. ‘ಹೊಸ ಮೆಷಿನ್ ಹಾಕ್ಸಿದೀವಿ, ಊರಾಚೆ ತಂಕ ತೋರಿಸ್ತೀವಿ’ ಅಂತ ಅವರಿಗೆ ಹೇಳಿ ಆಗಿತ್ತು. ತಲೆ ಎತ್ತೋಕೆ ಆಗಲಿಲ್ಲ. ಸಿಗ್ನಲ್ ಹೋದಾಗ ತಾನೇ ವಾಪಸ್ ಬರೋ ‘ರಿಟರ್ನ್ ಟು ಹೋಮ್’ ಎತ್ತರ 60 ಮೀಟರಿಗೆ ಇಟ್ಟಿದ್ದಕ್ಕೆ ಡ್ರೋನ್ ತೆಂಗಿನ ಮರ ದಾಟಿ ವಾಪಸ್ ಬಂತು. 20 ಮೀಟರಿಗೆ ಇಟ್ಟಿದ್ದರೆ ಗರಿಗೆ ಸಿಕ್ಕಿ ಅಲ್ಲೇ ಮುಗೀತಿತ್ತು.

ಮಾರಿದವರಿಗೆ ಫೋನ್ ಮಾಡಿದ್ರೆ ಬಂದ ಉತ್ತರಗಳನ್ನ ಹಾಗೇ ಹಾಕ್ತೀನಿ, ನೀವೂ ಇವನ್ನೇ ಕೇಳ್ತೀರ.

‘ಅಣ್ಣ, ನಿಮ್ ಕಡೆ ಕಬ್ಬು ಜಾಸ್ತಿ, ಅದಕ್ಕೆ ಹಂಗಾಗದೆ.’ ಕಬ್ಬು ಬೂಸ್ಟರ್ ಬರೋಕೆ ಮುಂಚೆನೂ ಇತ್ತಲ್ಲ?

‘ಅಪ್‌ಡೇಟ್ ಮಾಡಿದ್ರಾ ಅಣ್ಣ? ಅಪ್‌ಡೇಟ್ ಮಾಡಿದ್ರೆ ಕಂಪನಿಯವ್ರು ಬ್ಲಾಕ್ ಮಾಡ್ತಾರೆ.’ ಡಬ್ಬಿಗೂ ಸಾಫ್ಟ್‌ವೇರಿಗೂ ಯಾವ ಸಂಬಂಧವೂ ಇಲ್ಲ, ನಡುವೆ ಇರೋದು ಎರಡು ಕೇಬಲ್.

‘ಆಂಟೆನಾ ಚೇಂಜ್ ಮಾಡ್ಕಳಿ, 2,800 ಆಗ್ತದೆ, ಪ್ಯಾನೆಲ್ ಆಂಟೆನಾ, ಪಕ್ಕಾ ಬತ್ತದೆ ಕಣಣ್ಣ.’ ಮೋಸ ಮಾಡಿದಮೇಲೂ ಇನ್ನೊಂದು ಮಾರೋ ಧೈರ್ಯ ನೋಡಿ.

ಒಳಗಿನ ತಂತಿಯ ಫೋಟೋ ಕಳಿಸಿದಮೇಲೆ ಬಂದದ್ದು ಒಂದೇ ಸಾಲು: ‘ಬಿಚ್ಚಿದ್ದೀರಲ್ಲ ಸಾರ್, ವಾರಂಟಿ ಹೋಯ್ತು.’ ಅಣ್ಣ ಹೋಗಿ ಸಾರ್ ಆಯ್ತು. ಆಮೇಲೆ ನಂಬರ್ ಬ್ಲಾಕ್.

ಬಾಕ್ಸ್ ಜೊತೆ ಬರೋ ಆಂಟೆನಾ ವಿಷಯವೂ ಹೇಳಲೇಬೇಕು, ಅಸಲಿ ಆಂಪ್ಲಿಫೈಯರ್ ಇರೋರಿಗೂ ಇದು ಅನ್ವಯಿಸುತ್ತೆ. ಡಬ್ಬಿಯ ಪೋರ್ಟ್ ಎಸ್‌ಎಂಎ, ಹೊರಗೆ ತಿರುಪಿನ ಮರೆ, ನಡುವೆ ತೂತು. ಕೊಟ್ಟಿರೋದು ವೈಫೈ ರೂಟರಿನ ಆಂಟೆನಾ, ಆರ್‌ಪಿ-ಎಸ್‌ಎಂಎ, ಒಳಗೆ ಮರೆ, ನಡುವೆ ಅದಕ್ಕೂ ತೂತು. ತಿರುಗಿಸಿದ್ರೆ ಚೆನ್ನಾಗಿ ಕೂರುತ್ತೆ, ಬಿಗಿಯಾಗುತ್ತೆ, ಆದರೆ ನಡುವಿನ ಪಿನ್ ಯಾವ ಕಡೆಯೂ ಇಲ್ಲ. ತೂತಿಗೆ ತೂತು! ಸಿಗ್ನಲ್ ಆಂಟೆನಾಗೆ ಸರಿಯಾಗಿ ಹೋಗೋದೇ ಇಲ್ಲ. ಪವರ್ ಇರೋ ಆಂಪ್ಲಿಫೈಯರ್ ಆಗಿದ್ದರೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಅದು ವಾಪಸ್ ತಿರುಗಿ ಚಿಪ್ಪನ್ನೇ ಸುಡಬಹುದು. ಕೊಳ್ಳೋ ಮುಂಚೆ ಟಾರ್ಚ್ ಹಾಕಿ ಪಿನ್ ನೋಡಿ.

ಫಿಟ್ಟಿಂಗ್ ಅಂತ ರಿಮೋಟ್ ಬಿಚ್ಚಿಸೋದು ಇನ್ನೊಂದು ಅನಾಹುತ. ಮಿನಿ 2ರಲ್ಲಿ ಆಂಟೆನಾ ಇರೋದು ಫೋನ್ ಹಿಡಿಯೋ ಕ್ಲಾಂಪಿನೊಳಗೆ. ಅದರ ತಂತಿಯನ್ನ ಬೋರ್ಡಿಂದ ಕಿತ್ತು ಪಿಗ್‌ಟೇಲ್ ಅನ್ನೋ ಗಿಡ್ಡ ಕೇಬಲ್ ಚುಚ್ಚುತ್ತಾರೆ. ಅಲ್ಲಿರೋ ಯು.ಎಫ್.ಎಲ್. ಥರದ ಪುಟ್ಟ ಗುಂಡಿ ಕನೆಕ್ಟರ್ 30 ಸಲ ಹಾಕಿ ತೆಗೆಯೋಕೆ ಮಾತ್ರ ಮಾಡಿದ್ದು. ಸ್ಕ್ರೂಡ್ರೈವರಿಂದ ಎಬ್ಬಿಸಿದ್ರೆ ಬೋರ್ಡಿನ ಪ್ಯಾಡ್ ಸಮೇತ ಎದ್ದು ಬರುತ್ತೆ. ನಮ್ಮದರಲ್ಲಿ ಒಂದು ಬದಿ ಎದ್ದಿದೆ, ಈಗ ಮೂಲ ಆಂಟೆನಾವೂ ಸರಿಯಾಗಿ ಕೂರ್ತಿಲ್ಲ.

ಒಂದು ಮಾತು ಚೆನ್ನಾಗಿ ನೆನಪಿಡಿ. ಅಸಲಿ ಆಂಪ್ಲಿಫೈಯರೇ ಆಗಿದ್ದರೂ ಅದು ಜೋರು ಮಾಡೋದು ರಿಮೋಟಿಂದ ಡ್ರೋನಿಗೆ ಹೋಗೋ ಸಿಗ್ನಲ್ ಮಾತ್ರ. ವಿಡಿಯೋ ಬರೋದು ಡ್ರೋನಿಂದ ನಮ್ಮ ಕಡೆಗೆ, ಡ್ರೋನಿನ ಪವರ್ ಇದ್ದಷ್ಟೇ ಇರುತ್ತೆ. ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗಿದ್ರೆ ನಮ್ಮ ದನಿ ಊರಾಚೆಗೂ ಕೇಳುತ್ತೆ, ಊರಾಚೆಯವನ ಉತ್ತರ ನಮಗೆ ಕೇಳಲ್ಲ, ಹಾಗೆ. ಒಳ್ಳೆ ಆಂಪ್ಲಿಫೈಯರಲ್ಲಿ ಬರೋ ಸಿಗ್ನಲಿಗೆ ಬೇರೆ ಎಲ್‌ಎನ್‌ಎ (ಕ್ಷೀಣ ಸಿಗ್ನಲನ್ನ ಜೋರು ಮಾಡೋ ಭಾಗ) ಇರುತ್ತೆ, ಕಳಿಸೋದು ಕೇಳೋದು ಎರಡರ ನಡುವೆ ಕಣ್ಣು ಮುಚ್ಚಿ ತೆರೆಯೋದಕ್ಕಿಂತ ಬೇಗ ಬದಲಾಯಿಸೋ ಸ್ವಿಚ್ ಇರುತ್ತೆ. ಅದಿದ್ರೂ ಸಿಗೋದು ಸ್ವಲ್ಪ. ನಮ್ಮ ಡಬ್ಬಿಯಲ್ಲಿ ಎಲ್‌ಎನ್‌ಎ ಇಲ್ಲ, ಬರೋ ಸಿಗ್ನಲ್ ಬೋರ್ಡ್ ದಾಟುವಾಗ 4 ಡಿಬಿ ಕಳ್ಕೊಂಡು ಬರುತ್ತೆ. ಇರೋ ವಿಡಿಯೋವೂ ಅದಕ್ಕೇ ಹೋಗಿದ್ದು.

ಕಾನೂನಿನ ವಿಷಯಕ್ಕೆ ಬಂದರೆ ಅವರು ‘ಲೈಸೆನ್ಸ್ ಫ್ರೀ ಬ್ಯಾಂಡ್ ಸಾರ್’ ಅಂತಾರೆ. ಬ್ಯಾಂಡ್ ಫ್ರೀ, ಪವರ್ ಫ್ರೀ ಅಲ್ಲ. 2.4 ಗಿಗಾಹರ್ಟ್ಸಿಗೆ 2005ರ ಕೇಂದ್ರದ ಅಧಿಸೂಚನೆ ಪ್ರಕಾರ ಟ್ರಾನ್ಸ್‌ಮಿಟರ್ ಗರಿಷ್ಠ 1 ವ್ಯಾಟ್, ಆಂಟೆನಾ ಸೇರಿ ಹೊರಡೋದು ಗರಿಷ್ಠ 4 ವ್ಯಾಟ್. 5 ವ್ಯಾಟ್ ನಿಜವಾಗಿ ಇದ್ದು 8 ಡಿಬಿಐ ಪ್ಯಾನೆಲ್ ಆಂಟೆನಾ (ಒಂದೇ ದಿಕ್ಕಿಗೆ ಸುಮಾರು ಆರು ಪಟ್ಟು ಜೋರು ಮಾಡೋದು) ಹಾಕಿದ್ರೆ 30 ವ್ಯಾಟ್ ದಾಟುತ್ತೆ. ಅಂದ್ರೆ ಡಬ್ಬಿ ಮೇಲೆ ಬರೆದದ್ದು ನಿಜವಾದ್ರೆ ಕೇಸು, ಸುಳ್ಳಾದ್ರೆ ದುಡ್ಡು ದಂಡ. ವೈರ್‌ಲೆಸ್ ಉಪಕರಣಕ್ಕೆ ಬೇಕಾದ ಡಬ್ಲ್ಯುಪಿಸಿಯ (ಕೇಂದ್ರದ ವೈರ್‌ಲೆಸ್ ವಿಭಾಗ) ಇಟಿಎ, ಅಂದ್ರೆ ಉಪಕರಣದ ಒಪ್ಪಿಗೆ ಸರ್ಟಿಫಿಕೇಟ್ ಕೇಳಿದ್ರೆ ‘ಅದೆಲ್ಲ ದೊಡ್ಡ ಕಂಪನಿಗೆ’ ಅಂದ್ರು. ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿ.ಮೀ.ಯೊಳಗೆ 200 ಅಡಿ ಎತ್ತರದ ತನಕ, ಉಳಿದ ಹಸಿರು ವಲಯದಲ್ಲಿ (ಮುಂಚೆ ಅನುಮತಿ ಬೇಡದ ಜಾಗ) 400 ಅಡಿ ತನಕ, ಇದು 2021ರ ಡ್ರೋನ್ ನಿಯಮ. ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ವಲಯ ನಕ್ಷೆ ನೋಡದೆ ಮೈಸೂರಲ್ಲಿ ಡ್ರೋನ್ ಎತ್ತಬೇಡಿ.

ದೂರ ಬೇಕಾದ್ರೆ ದುಡ್ಡಿಲ್ಲದೆ ಆಗೋ ಕೆಲಸಗಳಿವೆ. ಎತ್ತರಕ್ಕೆ ಹತ್ತಿ ನಿಲ್ಲಿ, ಗದ್ದೆ ಬದುವಲ್ಲಿ ಅಲ್ಲ, ನಾಲೆ ಏರಿ ಮೇಲೆ, ತಾರಸಿ ಮೇಲೆ. 2 ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಸಿಗ್ನಲ್ ದಾರಿಯ ಸುತ್ತ ಸುಮಾರು 8 ಮೀಟರ್ ಖಾಲಿ ಇರಬೇಕು, ತೆಂಗಿನ ತಲೆಗಳು ಅದರೊಳಗೆ ಬಂದ್ರೆ ಯಾವ ಡಬ್ಬಿಯೂ ಕಾಪಾಡಲ್ಲ. ರಿಮೋಟಿನ ಆಂಟೆನಾದ ಅಗಲ ಮುಖ ಡ್ರೋನ್ ಕಡೆ ಇರಲಿ, ತುದಿ ಅಲ್ಲ. ಹಳ್ಳಿ ಕಡೆ ಚಾನೆಲನ್ನ ಕೈಯಿಂದ 2.4ಕ್ಕೆ ಕಟ್ಟಿಹಾಕಿ, ಕುವೆಂಪುನಗರ, ಸರಸ್ವತಿಪುರಂ ಥರ ಮನೆಮನೆಗೂ ವೈಫೈ ಇರೋ ಕಡೆ 5.8 ನೋಡಿ. ಆಂಟೆನಾಗೆ ಸಿಕ್ಕಿಸೋ ತಗಡಿನ ಪ್ಯಾರಾಬೋಲಿಕ್ ರೆಫ್ಲೆಕ್ಟರ್ (ಬಾಗಿದ ತಟ್ಟೆ) ಕೆಲವೇ ನೂರು ರೂಪಾಯಿ, ಹೊರಗೆ ಕಡ್ಡಿ ಆಂಟೆನಾ ಇರೋ ರಿಮೋಟಿಗೆ ಒಂದೇ ದಿಕ್ಕಿಗೆ ಕೆಲವು ಡಿಬಿ ಕೊಡುತ್ತೆ, ಬರೋ ಸಿಗ್ನಲಿಗೂ ಕೊಡುತ್ತೆ. ಬ್ಯಾಟರಿ ಮರೀಬೇಡಿ, ಮಿನಿ 2ರ 31 ನಿಮಿಷ ಗಾಳಿ ಇಲ್ಲದಾಗಿನ ಲೆಕ್ಕ, ಎದುರು ಗಾಳಿಗೆ ವಾಪಸ್ ಬರುವಾಗ ಅದು ಕರಗಿಹೋಗುತ್ತೆ.

ಆಗಲೇ ದುಡ್ಡು ಕೊಟ್ಟವರು ಚಾಟ್, ಯುಪಿಐ ರಸೀದಿ, ರೀಲಿನ ಸ್ಕ್ರೀನ್ ರೆಕಾರ್ಡ್ ಇವತ್ತೇ ಇಟ್ಕೊಳ್ಳಿ, ಅವರು ರೀಲ್ ಅಳಿಸ್ತಾರೆ. ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದ ತನಕ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಾವು ದೂರು ಕೊಟ್ಟಾಗಿದೆ. ಜಿಎಸ್‌ಟಿ ಬಿಲ್ ಇಲ್ಲ, ಬಿಳಿ ಚೀಟಿಯಲ್ಲಿ ‘ಮೊಬೈಲ್ ಆಕ್ಸೆಸರಿ’ ಅಂತ ಬರೆದುಕೊಟ್ಟಿದ್ದಾರೆ, ಅದನ್ನೂ ಲಗತ್ತಿಸಿದೀವಿ.

ಈ ವಾರ ಅದೇ ಡಬ್ಬಿಗೆ ಕಪ್ಪು ಬಣ್ಣ ಬಳಿದು ‘8 ವ್ಯಾಟ್ ಪ್ರೋ’ ಅಂತ ಸ್ಟಿಕರ್ ಹಾಕಿ 11,000ಕ್ಕೆ ರೀಲ್ ಬಿಟ್ಟಿದ್ದಾರೆ. ಸ್ಕ್ರೂ ಇರೋ ಜಾಗ, ಪೋರ್ಟ್ ಇರೋ ಜಾಗ, ಯುಎಸ್‌ಬಿ ತೂತು ಎಲ್ಲ ಅದೇ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಹುಡುಗರು ಯಾರಾದ್ರೂ ಅಡ್ವಾನ್ಸ್ ಕೊಟ್ಟಿದ್ರೆ ಫಿಟ್ಟಿಂಗಿಗೆ ರಿಮೋಟ್ ಕೊಡೋ ಮುಂಚೆ ಯುಎಸ್‌ಬಿ ಮೀಟರ್ ತಗೊಂಡು ಹೋಗಿ, ಅವರ ಎದುರೇ ಚುಚ್ಚಿ ತೋರಿಸಿ ಅಡ್ವಾನ್ಸ್ ವಾಪಸ್ ಕೇಳಿ.