ಹಳೆಯ ಮೋಟಾರ್ ಯಾಟ್ ಕೊಳ್ಳುವವರಿಗೆ ಎಚ್ಚರಿಕೆ: ನಿರ್ವಹಣಾ ಕಡತವನ್ನು ನಂಬಬೇಡಿ, ಎಣ್ಣೆ ಕೂಲರ್ ಬಿಚ್ಚಿಸಿ ನೋಡಿ

ನಾನಿರುವ ಮೇರಿಲ್ಯಾಂಡ್‌ನಲ್ಲಿ ಪರಿಚಯದ ಕನ್ನಡ ಕುಟುಂಬಗಳು ಹಳೆಯ ಮೋಟಾರ್ ಯಾಟ್ ಕೊಳ್ಳುವ ಮಾತುಕತೆಯಲ್ಲಿವೆ ಎಂದು ತಿಳಿದ ಮೇಲೆ ಇದನ್ನು ಬರೆಯಲೇಬೇಕೆನಿಸಿತು. 1970 ಮತ್ತು 80ರ ದಶಕಗಳಲ್ಲಿ ತೈವಾನ್, ಸಿಂಗಪುರಗಳಲ್ಲಿ ತಯಾರಾದ, ಫೈಬರ್‌ಗ್ಲಾಸ್ ಒಡಲಿನ, ಮೀನುಗಾರಿಕೆಯ ಟ್ರಾಲರ್ ಮಾದರಿಯ ದೋಣಿಗಳು ಇಲ್ಲಿ ಇಂದಿಗೂ ಮಾರಾಟಕ್ಕೆ ಬರುತ್ತವೆ. ತೇಗದ ಒಳಾಂಗಣ, ವಿಶಾಲವಾದ ಎಂಜಿನ್ ಕೋಣೆ, ಹೊಸ ದೋಣಿಗೆ ಹೋಲಿಸಿದರೆ ಬಹಳ ಕಡಿಮೆ ಬೆಲೆ, ಇವೆಲ್ಲ ಕಂಡಾಗ ಮನಸ್ಸು ಸೋಲುವುದು ಸಹಜ. ನಾವೂ ಇನ್ನೊಂದು ಕುಟುಂಬವೂ ಸೇರಿ ಅಂಥದ್ದೊಂದು ದೋಣಿಯನ್ನು ಕೊಂಡೆವು. ಅದರ ಎಂಜಿನ್ 120 ಅಶ್ವಶಕ್ತಿಯ ಫೋರ್ಡ್ ಲೀಮನ್ ಡೀಸೆಲ್. ಬ್ರಿಟನ್ನಿನ ಫೋರ್ಡ್ ಕಂಪನಿಯ ಆರು ಸಿಲಿಂಡರಿನ ಎಂಜಿನ್ನನ್ನು ಸಮುದ್ರದ ಬಳಕೆಗೆ ಮಾರ್ಪಡಿಸಿ ಮಾಡಿದ್ದು. ಸರಿಯಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುವ ಎಂಜಿನ್ ಇದು. ನಮಗಾದ ನಷ್ಟಕ್ಕೆ ಎಂಜಿನ್ ಕಾರಣವಲ್ಲ. ಅದರ ಸುತ್ತ ನೀರು ಹರಿಯುವ ದಾರಿಯನ್ನು ಯಾರೂ ಬಿಚ್ಚಿ ನೋಡದೆ, ನೋಡಿದ್ದೇವೆಂದು ಬರೆದುಕೊಟ್ಟದ್ದು ಕಾರಣ.

ಆ ದಾರಿ ಹೀಗಿದೆ. ದೋಣಿಯ ತಳದಲ್ಲಿರುವ ಸೀಕಾಕ್ ಎಂಬ ಕವಾಟದಿಂದ ಒಳಬಂದ ನೀರು ಜರಡಿಯಂಥ ಸ್ಟ್ರೈನರ್ ದಾಟಿ ಪಂಪಿಗೆ ಬರುತ್ತದೆ. ಪಂಪಿನೊಳಗೆ ಇಂಪೆಲ್ಲರ್ ಎಂಬ ರಬ್ಬರ್ ಎಸಳುಗಳ ಚಕ್ರವಿದ್ದು, ಅದು ನೀರನ್ನು ಮುಂದಕ್ಕೆ ದೂಡುತ್ತದೆ. ನಮ್ಮ ದೋಣಿಯಲ್ಲಿ ಆ ನೀರು ಮೊದಲು ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸುವ ಸಣ್ಣ ಕೂಲರಿಗೆ, ಅಲ್ಲಿಂದ ಎಂಜಿನ್ ಎಣ್ಣೆಯ ಕೂಲರಿಗೆ, ಬಳಿಕ ಎಂಜಿನ್ನಿನೊಳಗೆ ಸುತ್ತುವ ನೀರನ್ನು ತಣಿಸುವ ದೊಡ್ಡ ಹೀಟ್ ಎಕ್ಸ್‌ಚೇಂಜರಿಗೆ ಹೋಗಿ, ಕೊನೆಗೆ ಹೊಗೆಯೊಂದಿಗೆ ಬೆರೆತು ಹಿಂಬದಿಯಿಂದ ಹೊರಬೀಳುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಅಡ್ಡಿಯಾದರೂ ದೋಣಿ ನಡೆಸುವವರಿಗೆ ಸಾಮಾನ್ಯವಾಗಿ ಸೂಚನೆ ಕಾಣಿಸುವುದು ಉಷ್ಣತೆಯ ಮುಳ್ಳಿನಲ್ಲಿ. ಆ ಮುಳ್ಳು ಎಂಜಿನ್ ಬಿಸಿಯಾಗಿದೆ ಎಂದಷ್ಟೇ ಹೇಳಬಲ್ಲದು. ಏಕೆ ಬಿಸಿಯಾಗಿದೆ ಎಂದು ಹೇಳಲಾರದು. ಹಳೆಯ ದೋಣಿಯ ದುರಸ್ತಿಯಲ್ಲಿ ಜನರ ಹಣ ಪೋಲಾಗುವುದೆಲ್ಲ ಈ ಅಂತರದಲ್ಲಿಯೇ.

ಮಾರಿದವರು ನಮಗೆ ದಪ್ಪನೆಯ ನಿರ್ವಹಣಾ ಕಡತವೊಂದನ್ನು ಕೊಟ್ಟಿದ್ದರು. ಎರಡೂ ಎಣ್ಣೆ ಕೂಲರ್‌ಗಳನ್ನು ಇತ್ತೀಚೆಗೆ ಬದಲಿಸಲಾಗಿದೆ, ಇಂಪೆಲ್ಲರ್ ಹೊಸದು, ಉಳಿದ ಲೋಹಗಳು ಸವೆಯದಂತೆ ಕಾಯುವ ಸತುವಿನ ಕಡ್ಡಿಗಳನ್ನು ಆಯಾ ಕಾಲಕ್ಕೆ ಹಾಕಲಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೊಳ್ಳುವ ಮುನ್ನ ಪರಿಣತ ಸರ್ವೇಯರ್ ಒಬ್ಬರಿಂದ ತಪಾಸಣೆಯನ್ನೂ ಮಾಡಿಸಿದೆವು. ಆದರೆ ಸಾಮಾನ್ಯ ಸರ್ವೇಯಲ್ಲಿ ಒಡಲು, ಡೆಕ್ಕು, ಸೀಕಾಕ್‌ಗಳು, ಸುರಕ್ಷತಾ ಸಾಧನಗಳು ಬರುತ್ತವೆಯೇ ಹೊರತು ಎಂಜಿನ್ ಭಾಗಗಳನ್ನು ಬಿಚ್ಚುವುದು ಅದರ ವ್ಯಾಪ್ತಿಗೆ ಸೇರಿಲ್ಲ ಎಂಬುದನ್ನು ವರದಿಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಮಾತ್ರ ಹೇಳಲಾಗಿತ್ತು. ಎಂಜಿನ್ ಸರ್ವೇ ಪ್ರತ್ಯೇಕ. ಅದನ್ನು ಪ್ರತ್ಯೇಕವಾಗಿಯೇ ಕೇಳಬೇಕು, ಪ್ರತ್ಯೇಕವಾಗಿಯೇ ಹಣ ಕೊಡಬೇಕು. ದಲ್ಲಾಳಿ ಅದರ ಅಗತ್ಯವೇ ಇಲ್ಲವೆಂದು ಭರವಸೆ ಕೊಟ್ಟಿದ್ದರು, ಆಧಾರವಾಗಿ ಅದೇ ಕಡತವನ್ನು ತೋರಿಸಿದ್ದರು.

ಬೇಸಿಗೆಯಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ಅನಾಪೊಲಿಸ್‌ನಿಂದ ದಕ್ಷಿಣಕ್ಕೆ ಹೊರಟಾಗ ತೊಂದರೆ ಶುರುವಾಯಿತು. ನಿಧಾನವಾಗಿ ಹೋಗುವಾಗ ಮುಳ್ಳು 180 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿಗೆ ಸ್ಥಿರವಾಗಿರುತ್ತಿತ್ತು. ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮೇಲೇರತೊಡಗುತ್ತಿತ್ತು. ಈ ಲಕ್ಷಣವನ್ನು ನೆನಪಿಡಿ. ನಿಂತಲ್ಲಿಯೂ ಬಿಸಿಯಾಗುವ ಎಂಜಿನ್ನಿನ ತೊಂದರೆ ಬೇರೆ, ಹೊರೆ ಬಿದ್ದಾಗ ಮಾತ್ರ ಬಿಸಿಯಾಗುವ ಎಂಜಿನ್ನಿನ ತೊಂದರೆ ಬೇರೆ. ಎರಡನೆಯದು ಬಹುಮಟ್ಟಿಗೆ ನೀರಿನ ದಾರಿಯಲ್ಲಿ ಅರ್ಧಂಬರ್ಧ ಅಡ್ಡಿ ಇದೆ ಎಂಬುದರ ಗುರುತು: ಕಡಿಮೆ ಶಾಖಕ್ಕೆ ಸಾಕಾಗುವಷ್ಟು ನೀರು ಹರಿಯುತ್ತಿದೆ, ಹೆಚ್ಚಿನ ಶಾಖಕ್ಕೆ ಸಾಲುತ್ತಿಲ್ಲ. ಬೇಸಿಗೆಯಲ್ಲಿ ಈ ಕೊಲ್ಲಿಯ ತುಂಬ ಅಂಬಲಿ ಮೀನುಗಳು (ಜೆಲ್ಲಿಫಿಶ್) ಬಂದು ಸ್ಟ್ರೈನರ್ ಕಟ್ಟಿಕೊಳ್ಳುವುದುಂಟು. ನಾವು ಮೊದಲು ನೋಡಿದ್ದು ಅದನ್ನೇ, ಅದು ಸ್ವಚ್ಛವಾಗಿತ್ತು.

ದುರಸ್ತಿಗೆ ಒಪ್ಪಿಸಿದ ಬೋಟ್‌ಯಾರ್ಡಿನ ಹೆಸರು ಹೇಳುವುದಿಲ್ಲ. ಅವರು ಥರ್ಮೋಸ್ಟಾಟ್ ಬದಲಿಸಿದರು, ಬಿಲ್ಲು ಕೊಟ್ಟರು. ಬಿಸಿಯಾಗುವುದು ನಿಲ್ಲಲಿಲ್ಲ. ಇಂಪೆಲ್ಲರ್ ಬದಲಿಸಿದರು, ಮತ್ತೆ ಬಿಲ್ಲು. ಮುಳ್ಳು ಸ್ವಲ್ಪ ಇಳಿಯಿತು, ಆದರೆ ಪೂರ್ತಿ ಸರಿಹೋಗಲಿಲ್ಲ. ಬಳಿಕ ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ಸೆನ್ಸರ್ ಬದಲಿಸಿದರು. ಐವತ್ತು ಡಾಲರಿಗಿಂತ ಕಡಿಮೆ ಬೆಲೆಗೆ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ರತಿ ಕೂಲರಿನ ಒಳಬಾಯಿ, ಹೊರಬಾಯಿಗಳಿಗೆ ಹಿಡಿದಿದ್ದರೆ ಶಾಖ ಎಲ್ಲಿ ಶೇಖರವಾಗುತ್ತಿದೆ ಎಂದು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತಿತ್ತು. ಹಿಂಬದಿಯಿಂದ ಬೀಳುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ನಿಮಿಷಕ್ಕೆ ಎಷ್ಟು ಬರುತ್ತಿದೆ ಎಂದು ಪಂಪಿನ ಸಾಮರ್ಥ್ಯದೊಂದಿಗೆ ಹೋಲಿಸಿದ್ದರೂ ಸಾಕಿತ್ತು. ಎರಡನ್ನೂ ಮಾಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಪೆಲ್ಲರ್ ಬದಲಿಸಿದವರಿಗೆ ಹಳೆಯದರಲ್ಲಿ ಮೂರು ಎಸಳು ಮುರಿದುಹೋಗಿದ್ದು ಕಣ್ಣಿಗೆ ಬಿದ್ದಿತ್ತು. ಮುರಿದ ರಬ್ಬರ್ ತುಂಡುಗಳು ಪಂಪಿನಲ್ಲಿಲ್ಲವೆಂದರೆ ಮುಂದಿನ ಕೊಳವೆಯಲ್ಲಿ ಇರಲೇಬೇಕು. ಅವನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಮುಚ್ಚಿದ್ದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಕೆಲಸ.

ಸರಿಹೋಗಿದೆ ಎಂಬ ಅವರ ಮಾತಿನ ಮೇಲೆ ಹೊರಟ ದಿನ, ಥಾಮಸ್ ಪಾಯಿಂಟ್ ದೀಪಸ್ತಂಭ ದಾಟಿದ ಮೇಲೆ, ಎಂಜಿನ್ನಿನ ಸದ್ದು ಏರಿತು, ದೋಣಿಯ ವೇಗ ಇಳಿಯಿತು. ಗೇರ್ ಹಿಡಿಯುತ್ತಿರಲಿಲ್ಲ. ಬಾಲ್ಟಿಮೋರ್ ಬಂದರಿಗೆ ಹೋಗುವ ಭಾರಿ ಹಡಗುಗಳ ಆಳದ ಕಾಲುವೆ ಅಲ್ಲಿಂದ ದೂರವಿಲ್ಲ. ಅಂಥ ಹಡಗು ನಮ್ಮನ್ನು ಕಂಡರೂ ತಟ್ಟನೆ ನಿಲ್ಲಲಾರದು, ತಿರುಗಲಾರದು. ದೋಣಿಯಲ್ಲಿ ಮಕ್ಕಳಿದ್ದರು. ಲಂಗರು ಇಳಿಸಿ, ತುರ್ತು ಕರೆಗೆ ಬಳಸುವ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್‌ನಲ್ಲಿ ಕರೆದು, ಎಳೆದೊಯ್ಯುವ ದೋಣಿ ಬರುವ ತನಕ ಕಾದೆವು. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದಾಗ ಅದಕ್ಕೆ ಹತ್ತಿದ್ದ ಎಣ್ಣೆ ಇರಬೇಕಾದಂತೆ ಕೆಂಪಗಿರಲಿಲ್ಲ. ಹಾಲು ಹೆಚ್ಚಾದ ಕಾಫಿಯಂತೆ ಮಬ್ಬಾಗಿ, ನೊರೆನೊರೆಯಾಗಿತ್ತು. ಎಣ್ಣೆಯೊಳಗೆ ಉಪ್ಪುನೀರು ಸೇರಿತ್ತು.

ಕಾರಣ ಪತ್ತೆಯಾದದ್ದು ನಮ್ಮ ಡಾಕಿನಲ್ಲಿಯೇ ದೋಣಿ ಕಟ್ಟಿರುವ, ನಿವೃತ್ತ ಹಡಗು ಎಂಜಿನಿಯರ್ ಒಬ್ಬರಿಂದ. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಟಾರ್ಚ್ ಹಿಡಿದು ಗೇರ್ ಕೂಲರಿನ ಕೊಳವೆಗಳಿಗೆ ಬಿಗಿದಿದ್ದ ಕ್ಲಿಪ್ಪುಗಳನ್ನು ನೋಡಿದರು. ಎಂಜಿನ್ನಿಗೆ ಬಳಿದಿದ್ದ ಬಣ್ಣ ಕ್ಲಿಪ್ಪಿನ ಸ್ಕ್ರೂ ತಲೆಯ ಗೀರಿನೊಳಗೂ ತುಂಬಿಕೊಂಡು, ಕೊಳವೆಯ ಅಂಚಿನವರೆಗೆ ಒಂದೇ ಪದರವಾಗಿ ಹರಡಿತ್ತು. ಎಲ್ಲಿಯೂ ಬಿರುಕಿಲ್ಲ, ಗೀಚಿಲ್ಲ. ಬಣ್ಣ ಬಳಿದ ನಂತರ ಇದನ್ನು ಯಾರೂ ಬಿಚ್ಚಿಲ್ಲ, ಈ ಬಣ್ಣ ನಿಮ್ಮ ಕಡತದ ದಿನಾಂಕಕ್ಕಿಂತ ಎಷ್ಟೋ ಹಳೆಯದು ಎಂದರು. ಬಿಚ್ಚಿದಾಗ ಕೂಲರಿನ ಬಾಯಲ್ಲಿ ರಬ್ಬರ್ ಎಸಳುಗಳ ತುಂಡುಗಳು ಸಿಕ್ಕಿಕೊಂಡಿದ್ದವು, ಕೆಲವು ಗಟ್ಟಿಯಾಗಿ ಕಲ್ಲಿನಂತಾಗಿದ್ದವು, ಎಂದರೆ ಒಂದಕ್ಕಿಂತ ಹೆಚ್ಚು ಇಂಪೆಲ್ಲರ್‌ಗಳ ಅವಶೇಷಗಳು. ಒಳಗಿನ ತಾಮ್ರದ ನಳಿಗೆಗಳು ಬೆಸುಗೆಯ ಬಳಿ ಸವೆದು ತೂತಾಗಿದ್ದವು. ಬಿಸಿಯಾಗುವುದಕ್ಕೂ ಗೇರ್ ಹಾಳಾದುದಕ್ಕೂ ಕಾರಣ ಒಂದೇ ಕಡೆ, ಅಂಗೈಯಷ್ಟು ಜಾಗದಲ್ಲಿ ಇತ್ತು.

ಇದರ ಒಳಗುಟ್ಟನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕೂಲರ್ ತೂತಾಗಿರುವುದು ಓಡಿಸುವಾಗ ಸುಲಭವಾಗಿ ಗೊತ್ತಾಗುವುದಿಲ್ಲ. ಎಂಜಿನ್ ಓಡುತ್ತಿರುವಾಗ ಗೇರ್ ಎಣ್ಣೆಯ ಒತ್ತಡ ಸಮುದ್ರದ ನೀರಿನ ಒತ್ತಡಕ್ಕಿಂತ ಬಹಳ ಹೆಚ್ಚಿರುತ್ತದೆ. ಹಾಗಾಗಿ ತೂತಿನಿಂದ ಎಣ್ಣೆಯೇ ನೀರಿಗೆ ಸೋರಿ ಹೊರಹೋಗುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಎಣ್ಣೆಯ ಒತ್ತಡ ಇಳಿದು, ಕೂಲರಿನಲ್ಲಿ ಉಳಿದ ಉಪ್ಪುನೀರು ಅದೇ ತೂತಿನಿಂದ ಒಳಕ್ಕೆ ಬರುತ್ತದೆ. ದೋಣಿ ಸುಮ್ಮನೆ ಕಟ್ಟಿಹಾಕಿರುವ ವಾರಗಳಲ್ಲಿ ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತದೆ, ಕ್ಲಚ್ ಪ್ಲೇಟಿನ ಮೇಲ್ಪದರ ಕಳಚಿಕೊಳ್ಳುತ್ತದೆ. ಹೊರಬೀಳುವ ನೀರಿನ ಮೇಲೆ ಎಣ್ಣೆಯ ತೆಳು ಬಣ್ಣದ ಪೊರೆ ಕಂಡರೆ, ಅಥವಾ ಗೇರ್ ಎಣ್ಣೆ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ, ಎಣ್ಣೆ ತುಂಬಿಸಿ ಸುಮ್ಮನಾಗಬೇಡಿ. ಕೂಲರಿನ ಬೆಲೆ ಕೆಲವು ನೂರು ಡಾಲರ್. ಗೇರ್‌ಬಾಕ್ಸನ್ನು ಎತ್ತಿ ಹೊರತೆಗೆದು ಮರುಜೋಡಿಸಲು ನಮಗೆ ತಗುಲಿದ್ದು ಸಾವಿರಾರು.

ಬಣ್ಣದ ಆ ಪಾಠ ಕಲಿತ ಮೇಲೆ ಉಳಿದ ಭಾಗಗಳನ್ನೂ ಅದೇ ಕಣ್ಣಿನಿಂದ ನೋಡಿದೆವು. ಈ ಎಂಜಿನ್ನಿನ ಇಂಧನ ಪಂಪಿಗೆ ಎಂಜಿನ್ನಿನಿಂದ ಬೇರೆಯಾದ ತನ್ನದೇ ಎಣ್ಣೆಯಿದೆ. ಡೀಸೆಲ್ ಅದರೊಳಗೆ ಸ್ವಲ್ಪ ಸ್ವಲ್ಪವೇ ಸೇರಿ ಎಣ್ಣೆ ತೆಳುವಾಗುವುದರಿಂದ ಸುಮಾರು 50 ಗಂಟೆಗಳ ಓಟಕ್ಕೊಮ್ಮೆ ಅದನ್ನು ಬದಲಿಸಬೇಕೆಂಬುದು ರೂಢಿ. ಕಡತದಲ್ಲಿ ತಪ್ಪದೆ ಗುರುತು ಹಾಕಿದ್ದ ಈ ಕೆಲಸದ ಬಿರಡೆಯ ಮೇಲೂ ಬಣ್ಣ ಒಡೆದಿರಲಿಲ್ಲ. ಹೀಟ್ ಎಕ್ಸ್‌ಚೇಂಜರಿನ ಸತುವಿನ ಕಡ್ಡಿಯನ್ನು ತಿರುಗಿಸಿ ತೆಗೆದರೆ ಕೈಗೆ ಬಂದದ್ದು ಹಿತ್ತಾಳೆಯ ತಲೆ ಮಾತ್ರ, ಸತುವು ಒಂದಿಷ್ಟೂ ಉಳಿದಿರಲಿಲ್ಲ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿದ್ದಾಗ ದುರ್ಬಲವಾದದ್ದು ಕರಗುತ್ತದೆ. ತಾಮ್ರ, ಕಂಚುಗಳನ್ನು ಉಳಿಸಲು ತಾನು ಕರಗಲೆಂದೇ ಸತುವನ್ನು ಇಡುವುದು. ಅರ್ಧ ಸವೆದಾಗಲೇ ಬದಲಿಸಬೇಕಾದ ಕಡ್ಡಿ ಪೂರ್ತಿ ಮುಗಿದುಹೋದ ಮೇಲೆ ಅದರ ಸರದಿ ಬೆಸುಗೆಗೂ ನಳಿಗೆಗಳಿಗೂ ಬಂದಿತ್ತು.

ದೋಣಿಯ ಹೊರಗಿನ ಸತುವಿನ ಗಟ್ಟಿಗಳು ಕೂಡ ಒಂದೇ ಋತುವಿನಲ್ಲಿ ಮಾಯವಾಗುತ್ತಿದ್ದವು. ಡಾಕಿನಿಂದ ವಿದ್ಯುತ್ ತರುವ ಕೇಬಲ್ಲಿನ ಹಸಿರು ಅರ್ಥ್ ತಂತಿ ಅಕ್ಕಪಕ್ಕದ ದೋಣಿಗಳ ಲೋಹಗಳನ್ನೆಲ್ಲ ನಮ್ಮ ದೋಣಿಯೊಂದಿಗೆ ಜೋಡಿಸಿಬಿಡುತ್ತದೆ. ನಮ್ಮ ಸತುವು ಅವರ ಪ್ರೊಪೆಲ್ಲರ್‌ಗಳನ್ನೂ ಕಾಯುತ್ತ ಕರಗುತ್ತಿತ್ತು. ಇದನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ನಮ್ಮ ದೋಣಿಯಲ್ಲಿ ಇರಲೇ ಇಲ್ಲ. ಯಾರಾದರೂ ಅರ್ಥ್ ತಂತಿಯನ್ನೇ ಕತ್ತರಿಸಿಬಿಡಿ ಎಂದು ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ, ಅದು ಪ್ರಾಣಕ್ಕೆ ಅಪಾಯ.

ಅದೇ ಹುಡುಕಾಟದಲ್ಲಿ ಕಂಡ ಇನ್ನೊಂದು ದೋಷ ಎಲ್ಲಕ್ಕಿಂತ ಭಯಂಕರವಾದದ್ದು. ಹಿಂದಿನ ಯಾರೋ ಮನೆಯ ವೈರಿಂಗಿನ ಪದ್ಧತಿಯಂತೆ ದೋಣಿಯ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳನ್ನು ಒಂದುಗೂಡಿಸಿದ್ದರು. ಡಾಕಿನ ವಿದ್ಯುತ್ತಿನಲ್ಲಿರುವಾಗ ಅವು ದೋಣಿಯಲ್ಲಿ ಸೇರಲೇಬಾರದು. ಸೇರಿದರೆ ವಾಪಸು ಹೋಗುವ ವಿದ್ಯುತ್ತಿನ ಒಂದು ಪಾಲು ಪ್ರೊಪೆಲ್ಲರ್ ಮೂಲಕ ನೀರಿಗಿಳಿಯುತ್ತದೆ. ಸಿಹಿನೀರಿನಲ್ಲಿ, ಸಪ್ಪೆಯಾದ ಅಳಿವೆ ನೀರಿನಲ್ಲಿ ಇದು ಹೆಚ್ಚು ಮಾರಕ, ಏಕೆಂದರೆ ಅಂಥ ನೀರಿಗಿಂತ ಮನುಷ್ಯನ ದೇಹವೇ ವಿದ್ಯುತ್ತಿಗೆ ಸುಲಭದ ದಾರಿಯಾಗುತ್ತದೆ. ಈಜುವವರ ಸ್ನಾಯುಗಳು ಸೆಟೆದು ಅವರು ಸದ್ದಿಲ್ಲದೆ ಮುಳುಗುತ್ತಾರೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತಿದ್ದಾರೆ. 30 ಮಿಲಿಆಂಪ್ ಸೋರಿಕೆಗೆ ತಾನಾಗಿ ವಿದ್ಯುತ್ ಕಡಿಯುವ ಇಎಲ್‌ಸಿಐ ಎಂಬ ಬ್ರೇಕರ್ ಈಗಿನ ದೋಣಿಗಳ ಮಾನದಂಡದಲ್ಲಿದೆ, ಹಳೆಯ ದೋಣಿಗಳಲ್ಲಿ ನಾವೇ ಹಾಕಿಸಿಕೊಳ್ಳಬೇಕು. ಪತ್ತೆಹಚ್ಚುವ ವಿಧಾನ ಸರಳ: ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರನ್ನು ಡಾಕಿನ ಇಡೀ ಕೇಬಲ್ಲಿನ ಸುತ್ತ ಹಾಕಿ, ದೋಣಿಯೊಳಗಿನ ಉಪಕರಣಗಳನ್ನು ಒಂದೊಂದಾಗಿ ಚಾಲೂ ಮಾಡಬೇಕು. ಹೋದ ವಿದ್ಯುತ್ತೆಲ್ಲ ಅದೇ ಕೇಬಲ್ಲಿನಿಂದ ಮರಳುತ್ತಿದ್ದರೆ ಮೀಟರ್ ಸೊನ್ನೆ ತೋರಿಸಬೇಕು. ನಮ್ಮದು ತೋರಿಸಲಿಲ್ಲ. ದೋಷವಿಲ್ಲದ ದೋಣಿಯೇ ಆಗಿರಲಿ, ವಿದ್ಯುತ್ ಇರುವ ಡಾಕಿನ ಬಳಿ ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡಿ.

ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಬಗ್ಗೆ ಇಷ್ಟು ಹೇಳಿದರೆ ಸಾಕು: ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಎರಡು ಇಂಚಿನ ಕೊಳವೆ ಕಳಚಿದರೆ ನಿಮಿಷಕ್ಕೆ ಸುಮಾರು 300 ಲೀಟರ್ ನೀರು ನುಗ್ಗುತ್ತದೆ, ಗಂಟೆಗೆ 2000 ಗ್ಯಾಲನ್ ಎಂದು ಬರೆದಿರುವ ಪಂಪು ಬಹಳವೆಂದರೆ ನಿಮಿಷಕ್ಕೆ 126 ಲೀಟರ್ ಹೊರಹಾಕುತ್ತದೆ. ಹಾಗಾಗಿ ಪಂಪಿಗಿಂತ ಕ್ಲಿಪ್ಪುಗಳನ್ನೂ ಸೀಕಾಕ್‌ಗಳನ್ನೂ ನೋಡಿ. ಸೀಕಾಕ್ ಹಿತ್ತಾಳೆಯದಾಗಿದ್ದು ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದರೊಳಗಿನ ಸತುವು ಕರಗಿಹೋಗಿದೆ ಎಂದರ್ಥ, ಕೂಡಲೇ ಬದಲಿಸಿ.

ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಷರತ್ತುಗಳನ್ನು ಬರಹದಲ್ಲಿ ಸೇರಿಸಿ. ನಿಮ್ಮ ಎದುರಿನಲ್ಲಿಯೇ ಎರಡೂ ಎಣ್ಣೆ ಕೂಲರ್‌ಗಳ ಕೊಳವೆ ಕಳಚಿ ಬಾಯಿಯನ್ನು ತೋರಿಸಬೇಕು. ಎಂಜಿನ್ ಮತ್ತು ಗೇರ್ ಎಣ್ಣೆಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸಲು ಒಪ್ಪಬೇಕು. ಎಣ್ಣೆಯಲ್ಲಿ ಸೋಡಿಯಂ ಅಸಹಜವಾಗಿ ಹೆಚ್ಚಿದ್ದರೆ ಉಪ್ಪುನೀರು ಸೇರಿರುವ ಸಾಧ್ಯತೆ ಅಲ್ಲಿಯೇ ಹೊರಬೀಳುತ್ತದೆ. ಆದರೆ ಮಾರುವ ಹಿಂದಿನ ದಿನ ಬದಲಿಸಿದ ಎಣ್ಣೆಯ ಪರೀಕ್ಷೆಯಿಂದ ಪ್ರಯೋಜನವಿಲ್ಲ, ಎಣ್ಣೆ ಎಷ್ಟು ಗಂಟೆ ಓಡಿದೆ ಎಂದು ಕೇಳಿ. ಬದಲಿಸಿದ ಪ್ರತಿಯೊಂದು ಭಾಗಕ್ಕೂ ಅಂಗಡಿಯ ರಸೀದಿ ಬೇಕು, ಕಡತದಲ್ಲಿನ ಟಿಪ್ಪಣಿ ಸಾಲದು. ಪರೀಕ್ಷಾ ಓಟದಲ್ಲಿ ಎಂಜಿನ್ನನ್ನು ಪೂರ್ಣ ವೇಗದಲ್ಲಿ, ಉಷ್ಣತೆ ಸ್ಥಿರವಾಗುವ ತನಕ ಓಡಿಸಬೇಕು; ಹಿತವಾದ ವೇಗದಲ್ಲಿ ಅರ್ಧ ಗಂಟೆ ಸುತ್ತಾಡಿಸಿ ಮರಳುವ ದಲ್ಲಾಳಿಯ ಜೊತೆ ಮುಂದಿನ ಮಾತು ಬೇಡ. ದುರಸ್ತಿಗೆ ಕೊಟ್ಟಾಗ ತೆಗೆದ ಹಳೆಯ ಭಾಗಗಳನ್ನೆಲ್ಲ ನಿಮಗೇ ಹಿಂದಿರುಗಿಸಬೇಕೆಂದು ಮೊದಲೇ ಹೇಳಿಡಿ, ಇಂಪೆಲ್ಲರ್ ಕೈಗೆ ಬಂದ ಕೂಡಲೇ ಅದರ ಎಸಳುಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೂ ಆ ತುಂಡು ಸಿಗುವ ತನಕ ಎಂಜಿನ್ ಚಾಲೂ ಮಾಡಲು ಬಿಡಬೇಡಿ.